ಉದ್ದನಪಲ್ಲಿಯ ಬೇಲಿಯಲ್ಲಿ ಸಿಕ್ಕ ಹಿಂದಿನ ಅಚ್ಚು

ಯುದ್ಧ ಮುಗಿದ ಮೇಲೆ ನಮ್ಮ ಅಣ್ಣ ಒಂದು ಮೋಟಾರು ಕಟ್ಟಲು ಹೊರಟ. ಹೊಸೂರಿನ ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದವನು, ಯಾರೋ ಬೇಡವೆಂದು ಬಿಟ್ಟ ಹಳೇ ಕಾರೊಂದನ್ನು ಕೆಲಮಂಗಲದ ನಮ್ಮ ಹಿತ್ತಲಿಗೆ ಎಳೆಸಿಕೊಂಡು ಬಂದ. ಮೇಲೆ ಚಾವಣಿಯಿಲ್ಲ, ಬಾಗಿಲಿಲ್ಲ, ಹಿಂದಿನ ಚಕ್ರಗಳ ಅಚ್ಚು ಮುರಿದಿತ್ತು. ಕೋಳಿ ಕೂರಲು ಚೆನ್ನಾಗಿದೆ ಎಂದು ನಾನು ದಿನಾ ಚುಚ್ಚುತ್ತಿದ್ದೆ.

ಅವನು ಅಷ್ಟೆಲ್ಲ ಪಾಡು ಪಟ್ಟದ್ದು ಅಮ್ಮನಿಗಾಗಿ. ಬಾವಿಕಟ್ಟೆಯಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಎತ್ತಿನ ಗಾಡಿಯ ಕುಲುಕಾಟ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಜವಳಗಿರಿಯಲ್ಲಿ ಅವಳ ಅಕ್ಕ, ನಮ್ಮ ದೊಡ್ಡಮ್ಮ, ಹಾಸಿಗೆ ಹಿಡಿದಿದ್ದಳು. ತಾಯಿಯಿಲ್ಲದ ಅಮ್ಮನನ್ನು ಸಾಕಿದವಳು ಅವಳೇ. ಒಂದು ಸಲ ಅವಳ ಮುಖ ನೋಡಬೇಕು ಎಂದು ಅಮ್ಮ ಹಂಬಲಿಸುತ್ತಿದ್ದಳು.

ಅಚ್ಚು ಸಿಕ್ಕಿದ್ದು ಉದ್ದನಪಲ್ಲಿಯಲ್ಲಿ. ದನ ನುಗ್ಗದಂತೆ ರೈತನೊಬ್ಬ ಬೇಲಿಯ ಕಂಡಿಗೆ ಅಡ್ಡ ಹಾಕಿದ್ದ ಕಬ್ಬಿಣವನ್ನು ಅಣ್ಣ ಕಂಡ. ನಾನೂ ಜೊತೆಗಿದ್ದೆ. ನಡುವೆ ಗಡಿಗೆಯಂಥ ಉಬ್ಬು ನೋಡಿ, ಇದು ಮೋಟಾರಿನ ಹಿಂದಿನ ಅಚ್ಚೇ ಎಂದ. ಮಣ್ಣು ಕೆರೆದು ಒಂದು ತುದಿಯ, ಚಕ್ರ ಕೂರುವ ಡ್ರಮ್ಮು ತಿರುಗಿಸಿದ. ಇನ್ನೊಂದು ತುದಿಯದು ಎದುರು ದಿಕ್ಕಿಗೆ ತಿರುಗಿತು. ಒಳಗಿನ ಹಲ್ಲುಚಕ್ರಗಳು ಗಟ್ಟಿಯಾಗಿವೆ ಎಂದು ಅವನ ಮುಖ ಅರಳಿತು. ಮುರಿದ ಅಚ್ಚಿನ ಉದ್ದಕ್ಕೆ ಟವಲ್ಲಿನಲ್ಲಿ ಗಂಟು ಹಾಕಿಕೊಂಡೇ ಊರೂರು ಅಲೆಯುತ್ತಿದ್ದವನು ಆ ಟವಲ್ಲನ್ನು ಇದರ ಮೇಲೆ ಹಿಡಿದು ನೋಡಿದ. ಸರಿಹೋಯಿತು.

"ತಕಂಡೋಗ್ರಪ್ಪ. ಆದ್ರೆ ಕಂಡಿಗೊಂದು ಬಿದಿರಿನ ಗಳ ಕಟ್ಬುಟ್ಟು ಹೋಗಿ," ಎಂದ ಆ ರೈತ. ಅವನ ಹೊಟ್ಟೆ ತಣ್ಣಗಿರಲಿ.

ಈ ಅಚ್ಚಿನಲ್ಲಿ ಸ್ಪ್ರಿಂಗು ಕೂರುವ ಜಾಗ ಕೆಳಗಿತ್ತು, ನಮಗೆ ಅದು ಮೇಲೆ ಬೇಕಿತ್ತು. ನಮ್ಮದು ಎತ್ತಿನ ಗಾಡಿ ಮಾಡುವ ಮನೆ. ಅಚ್ಚು ಸವೆದರೆ ಮಗುಚಿ ಹಾಕುವುದು ತಾತನ ಕಾಲದ ರೂಢಿ. ಅಣ್ಣ ಇದನ್ನೂ ಹಾಗೇ ಮಗುಚಿ ಬಿಗಿದ.

ಓಡಿಸಿ ನೋಡುವ ಮೊದಲೇ ದೊಡ್ಡಮ್ಮ ಅನ್ನ ಬಿಟ್ಟಿದ್ದಾಳೆ ಎಂದು ಸುದ್ದಿ ಬಂತು. ಹುಲ್ಲು ಹರಡಿ ಹಾಸಿಗೆ ಹಾಕಿ ಅಮ್ಮನನ್ನು ಮೋಟಾರಿನಲ್ಲಿ ಮಲಗಿಸಿದೆವು. ಅಣ್ಣ ಗೇರು ಹಾಕಿದ. ಮೋಟಾರು ಹಿಂದೆ ಸರಿದು ಹುಲ್ಲಿನ ಮೆದೆಗೆ ನುಗ್ಗಿತು. ಬೇರೆ ಗೇರು ಹಾಕಿದರೂ ಅದೇ ಕಥೆ. ಅಣ್ಣ ತಲೆ ಮೇಲೆ ಕೈಹೊತ್ತು ಕೂತ.

"ಅಚ್ಚು ತಲೆಕೆಳಗಾಗಿ ಒಳಗಿನ ಹಲ್ಲುಚಕ್ರ ಎದುರು ಮಗ್ಗುಲಿಗೆ ಬಂದೈತೆ ಕಣಮ್ಮ. ಮುಂದಕ್ಕೋಗೋ ಗೇರೆಲ್ಲ ಹಿಂದಕ್ಕೆ ಎಳೀತವೆ. ಬಿಚ್ಚಿ ಸರಿ ಮಾಡಕ್ಕೆ ದಿನ ಹಿಡೀತದೆ."

"ಹಂಗಾರೆ ಹಿಂದಿನ ಗೇರು ಯಾವ ಕಡೀಕ್ ಹೋಯ್ತದ್ಲಾ?" ಎಂದಳು ಅಮ್ಮ, ಮಲಗಿದ್ದಲ್ಲಿಂದಲೇ.

ಅಣ್ಣ ಕಣ್ಣು ಕಣ್ಣು ಬಿಟ್ಟ. "ಮುಂದಕ್ಕೆ. ಆದ್ರೆ ಮನ್ಸ ನಡ್ಕಂಡೋದಂಗೆ ಹೋಯ್ತದೆ."

"ಹೋಗ್ಲಿ. ಅದ್ರಲ್ಲೇ ನಡಿ."

ಹಿಂದಿನ ಗೇರಿನಲ್ಲೇ ಜವಳಗಿರಿಯವರೆಗೆ ಹೋದೆವು. ಎಂಜಿನ್ನು ಊಳಿಡುತ್ತಿತ್ತು, ನೀರು ಕುದಿಯುತ್ತಿತ್ತು. ಕಂಡ ಕೆರೆಗೆಲ್ಲ ನಾನು ಬಿಂದಿಗೆ ಹಿಡಿದು ಓಡುತ್ತಿದ್ದೆ. ಸೈಕಲ್ಲಿನವರು ನಮ್ಮನ್ನು ದಾಟಿ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿ. ತಳಿ ಊರು ದಾಟಿದ ಮೇಲೆ ತಿರುಗಿ ನೋಡಿದರೆ ಅಮ್ಮ ನೆಮ್ಮದಿಯಾಗಿ ನಿದ್ದೆ ಹೋಗಿದ್ದಳು. ಮೋಟಾರು ಜೋರಾಗಿ ಓಡಿದ್ದರೆ ದಾರಿಯ ಗುಂಡಿಗಳಲ್ಲಿ ಅವಳ ಜೀವ ಹೋಗುತ್ತಿತ್ತು. ಆ ಮಗುಚಿದ ಅಚ್ಚಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಣ್ಣ ಅಮ್ಮನನ್ನು ಎತ್ತಿಕೊಂಡು ಹೋಗಿ ದೊಡ್ಡಮ್ಮನ ಮಗ್ಗುಲಲ್ಲಿ ಕೂರಿಸಿದ. ದೊಡ್ಡಮ್ಮ ಕಣ್ಣು ತೆರೆದು ತಂಗಿಯ ಮುಖ ನೋಡಿದಳು.

"ಉಂಡ್ಯೇನೆ?" ಎಂದಳು.

"ಇನ್ನೂ ಇಲ್ಲ ಕಣಕ್ಕ."

ದೊಡ್ಡಮ್ಮ ಗಂಜಿ ತರಿಸಿದಳು. ತನ್ನ ಕೈಯಿಂದಲೇ ಮೊದಲ ಗುಟುಕನ್ನು ಅಮ್ಮನಿಗೆ ಕುಡಿಸಿ, ಆಮೇಲೆ ತಾನೂ ಬಾಯಿ ತೆರೆದಳು.