ಅಪ್ಪನ ಮೂಗು, ದಂತವೈದ್ಯರ ದೋಣಿ

ಬಂದರಿನಲ್ಲಿ ಎಲ್ಲರೂ ಅವಳನ್ನು ಮೆಣಸಿನಕಾಯಿ ಎಂದೇ ಕರೆಯುತ್ತಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ತಮ್ಮನಿಗೆ ಮಾತ್ರ ಇತ್ತು, ಅದೂ ಅವಳ ಕೈಯಲ್ಲಿ ಸ್ಪ್ಯಾನರ್ ಇಲ್ಲದಾಗ. ಕೋಪ ಅವಳಿಗೆ ಅಪ್ಪನಿಂದ ಬಂದ ಆಸ್ತಿ. ಅದು ಬಿಟ್ಟರೆ ನೀರಿನಂಚಿನ ತಗಡಿನ ಶೆಡ್ಡು, ಅದರೊಳಗಿನ, ಕಬ್ಬಿಣ ಕಡೆಯುವ ಹಳೇ ಲೇತು, ಎಷ್ಟು ತೊಳೆದರೂ ಎಣ್ಣೆ ಬಿಡದ ಉಗುರು.

ಶೆಡ್ಡಿನಲ್ಲಿ ನಡೆಯುತ್ತಿದ್ದದ್ದು ಒಂದೇ ಕೆಲಸ: ಸ್ಪೋರ್ಟ್ಸ್ ಕಾರುಗಳ ಎಂಜಿನ್ ಬಿಚ್ಚಿ, ಮಾರ್ಪಾಡು ಮಾಡಿ, ದೋಣಿಗಳಿಗೆ ಕೂರಿಸುವುದು. ದುಡ್ಡಿದ್ದವರು ಕಾರನ್ನು ಮರಕ್ಕೋ ಗೋಡೆಗೋ ಗುದ್ದುತ್ತಾರೆ. ಕಾರು ನಜ್ಜುಗುಜ್ಜಾದರೂ ಎಷ್ಟೋ ಸಲ ಎಂಜಿನ್ ಗಟ್ಟಿಮುಟ್ಟಾಗಿ ಉಳಿದು, ಗುಜರಿಯವನ ಲಾರಿಯಲ್ಲಿ ಇವರ ಬಾಗಿಲಿಗೆ ಬರುತ್ತದೆ. ಕಾರಿನ ಎಂಜಿನ್ ತಾನೆ, ನಾಲ್ಕು ಬೋಲ್ಟ್ ಹಾಕಿ ಕೂರಿಸಿದರಾಯಿತು ಎಂದು ಯಾರಾದರೂ ಅಂದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ರಸ್ತೆಯಲ್ಲಾದರೆ ಎಂಜಿನ್ನಿಗೆ ಇಳಿಜಾರು ಸಿಗುತ್ತದೆ, ಸಿಗ್ನಲ್ ಸಿಗುತ್ತದೆ, ನಡುನಡುವೆ ಉಸಿರು ಬಿಡುತ್ತದೆ. ನೀರಿನಲ್ಲಿ ಇಳಿಜಾರು ಎಲ್ಲಿಂದ ತರುವುದು? ಅಲ್ಲಿ ಹೊರಟಲ್ಲಿಂದ ಮುಟ್ಟುವವರೆಗೂ ಬೆಟ್ಟ ಹತ್ತಿದ ಹಾಗೇ ದುಡಿಮೆ. ರೇಡಿಯೇಟರ್ ಕಿತ್ತುಹಾಕಿ ಸಮುದ್ರದ ನೀರಿನಿಂದ ತಣ್ಣಗಾಗುವ ಏರ್ಪಾಡು ಮಾಡಬೇಕು. ಎಂಜಿನ್ನಿನ ಕವಾಟಗಳನ್ನು ತೆರೆದು ಮುಚ್ಚುವ, ಪಂದ್ಯಕ್ಕೆಂದು ಮಾಡಿದ ಕ್ಯಾಮ್‌ಶಾಫ್ಟನ್ನೂ ಬದಲಿಸಬೇಕು. ಇಲ್ಲದಿದ್ದರೆ ಎಂಜಿನ್ ನಿಧಾನಕ್ಕೆ ತಿರುಗುವಾಗ ತಣಿಸಿದ ಮೇಲೆ ಹೊಗೆಕೊಳವೆಯಿಂದ ಹೊರಹೋಗುವ ನೀರನ್ನೇ ಹಿಂದಕ್ಕೆ ಹೀರಿಕೊಂಡು ಕೈಕೊಡುತ್ತದೆ. ಎಲ್ಲಕ್ಕಿಂತ ದೊಡ್ಡ ತಲೆನೋವು ಪೆಟ್ರೋಲ್. ಕಾರಿನಲ್ಲಿ ಸೋರಿದರೆ ರಸ್ತೆಗೆ ಬಿದ್ದು ಆವಿ ಗಾಳಿಗೆ ಹೋಗುತ್ತದೆ. ದೋಣಿಯಲ್ಲಿ ಸೋರಿದರೆ ಆವಿ ತಳದಲ್ಲೇ ಹೋಗಿ ಕೂರುತ್ತದೆ. ಆಮೇಲೆ ಕೀಲಿ ತಿರುಗಿಸಿದಾಗ ಒಂದು ಕಿಡಿ ಸಾಕು, ದೋಣಿಯೂ ಇಲ್ಲ, ದೋಣಿಯಲ್ಲಿದ್ದವರೂ ಇಲ್ಲ.

ಅದಕ್ಕೆ ಅಪ್ಪ ಒಂದು ಪದ್ಧತಿ ಮಾಡಿಕೊಂಡಿದ್ದ. ದೋಣಿ ಯಾರದೇ ಇರಲಿ, ಕೀಲಿ ತಿರುಗಿಸುವ ಮೊದಲು ಎಂಜಿನ್ ಕೂರಿಸಿದ ಗುಂಡಿಯ ಮುಚ್ಚಳ ತೆಗೆದು, ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಒಳಗೆ ತೂರಿಸಿ ಮೂಸುತ್ತಿದ್ದ. ಎದ್ದು "ಹೂಂ, ಹೊಡಿ" ಅಂದರೆ ಮಾತ್ರ ಎಂಜಿನ್ ಶುರು. ಯಾವುದೋ ಕಾಲದಲ್ಲಿ, ನಾಲ್ಕು ಜನ ಮೂಸಿ ಏನೂ ಇಲ್ಲ ಎಂದಿದ್ದ ದೊಡ್ಡ ದೋಣಿಯೊಂದರಲ್ಲಿ ಸೋರಿಕೆ ಇದೆ ಎಂದು ಹಟ ಹಿಡಿದು ಅವನು ಹುಡುಕಿ ತೋರಿಸಿದ್ದನಂತೆ. ಅಂದಿನಿಂದ ಬೇರೆ ಶೆಡ್ಡಿನವರೂ, ದೋಣಿ ಓಡಿಸುವವರೂ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ಮೂಸಿದ ಮೇಲೆ ಇನ್ನೊಬ್ಬರು ಮೂಸುವುದು ಬಂದರಿನಲ್ಲಿ ಮರ್ಯಾದೆಗೇಡಿನ ಕೆಲಸವಾಗಿತ್ತು. ಅವಳೂ ಮೂಸುತ್ತಿರಲಿಲ್ಲ. ಮುಖದ ನಡುವೆ ಮೂಗು ಇಟ್ಟುಕೊಂಡೂ ಅಪ್ಪನ "ಹೂಂ"ಗೆ ಕಾಯುತ್ತಿದ್ದಳು.

ಹಿಂದಿನ ವರ್ಷ ಅಪ್ಪನಿಗೆ ಕೆಟ್ಟ ಜ್ವರ ಬಂತು. ಅದು ಬಿಟ್ಟ ಮೇಲೆ ಊಟಕ್ಕೆ ಕೂತಾಗಲೆಲ್ಲ ಅಮ್ಮನ ಮೇಲೆ ರೇಗತೊಡಗಿದ. ಯಾವುದಕ್ಕೂ ರುಚಿಯಿಲ್ಲವಂತೆ, ಅಮ್ಮನ ಕೈರುಚಿಯೇ ಹೋಗಿದೆಯಂತೆ. ಅಮ್ಮ ಮೂಲೆಯಲ್ಲಿ ಕಣ್ಣೊರೆಸಿಕೊಂಡಳು. ಒಂದು ದಿನ ಅಮ್ಮ ಪಕ್ಕದ ಮನೆಗೆ ಹೋಗಿದ್ದಾಗ ಒಲೆಯ ಮೇಲಿನ ಹಾಲು ಸೀದು ಕರಕಲಾಯಿತು. ಬೀದಿಯವರೆಗೆ ವಾಸನೆ ಬಂದಿತ್ತು. ಮಗಳು ಓಡಿ ಬಂದು ನೋಡಿದರೆ ಅಪ್ಪ ಒಲೆಗೆ ಬೆನ್ನು ಹಾಕಿ, ಅಲ್ಲೇ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ. ಕೇಳಿದ್ದಕ್ಕೆ, ಪೇಪರ್ ಓದುವವನನ್ನು ಹಾಲು ಕಾಯಲು ಕೂರಿಸಿದ್ದು ಯಾರು ಎಂದು ಅವಳ ಮೇಲೆಯೇ ಎಗರಿದ.

ಅವಳಿಗೆ ಅನುಮಾನ ಬಂತು. ಬಾಯಿಬಿಟ್ಟು ಕೇಳಲಿಲ್ಲ. ಪೆಟ್ರೋಲ್ ಆವಿ ಇದ್ದರೆ ಕೂಗುವ ಪುಟ್ಟ ಯಂತ್ರವೊಂದನ್ನು ತರಿಸಿ, ಆಗ ಕೈಯಲ್ಲಿದ್ದ ದೋಣಿಗೆ ಕೂರಿಸಿದಳು. ಮಾರನೆಯ ದಿನವೇ ಅಪ್ಪ ಅದರ ವೈರ್ ಕಿತ್ತಿದ್ದ. "ಈ ಡಬ್ಬಿ ನಂಗೆ ಪಾಠ ಹೇಳುತ್ತಾ?" ಎಂದು ತಮ್ಮನ ಎದುರಿಗೆ ಗುಡುಗಿದ. ಅವಳೂ ಸುಮ್ಮನಿರಲಿಲ್ಲ, ಇಬ್ಬರ ಕೂಗಾಟಕ್ಕೆ ತಗಡಿನ ಮೇಲಿದ್ದ ಕಾಗೆಗಳು ಎದ್ದುಹೋದವು. ವೈರ್ ಮಾತ್ರ ಕಿತ್ತದ್ದು ಕಿತ್ತ ಹಾಗೇ ಉಳಿಯಿತು. ಆ ದೋಣಿ ಒಬ್ಬ ದಂತವೈದ್ಯರದು.

ದೋಣಿ ನೀರಿಗಿಳಿಸುವ ದಿನ ದಂತವೈದ್ಯರು ಪುಟ್ಟ ಮಗಳನ್ನೂ ಕರೆತಂದಿದ್ದರು. ಹಳದಿ ಲೈಫ್ ಜಾಕೆಟ್ಟಿನೊಳಗೆ ಮಗುವಿನ ಕಣ್ಣು ಮೂಗು ಮಾತ್ರ ಕಾಣುತ್ತಿದ್ದವು. ಅಪ್ಪ ಮುಚ್ಚಳ ತೆಗೆದು ಮಲಗಿ ಮೂಸಿದ. ಎದ್ದು ಮುಚ್ಚಳ ಹಾಕಿ, ಅದರ ಮೇಲೆಯೇ ಕೂತು "ಹೂಂ, ಹೊಡಿ" ಅಂದ. ತಮ್ಮ ಕೀಲಿಗೆ ಕೈ ಹಾಕಿದ.

ಅವಳಿಗೆ ಪೆಟ್ರೋಲ್ ವಾಸನೆ ಬಡಿಯಿತು. ತನ್ನ ತೋಳಿನದ್ದಿರಬೇಕು ಅಂದುಕೊಂಡಳು, ಟ್ಯಾಂಕ್ ತುಂಬಿಸಿದ್ದು ಅವಳೇ. ಅಪ್ಪ ಹೂಂ ಅಂದಾಗಿದೆ. ಹಾಗೆ ಅಂದುಕೊಂಡು ಸುಮ್ಮನೆ ನಿಂತೇಬಿಟ್ಟಳು. ಎಷ್ಟು ಹೊತ್ತು ನಿಂತಳೋ, ಆ ಹೊತ್ತನ್ನು ನೆನೆದರೆ ಅವಳಿಗೆ ಈಗಲೂ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮಗು ಮುಖ ಸಿಂಡರಿಸಿ ಮೂಗು ಮುಚ್ಚಿಕೊಂಡಿತು. ಆಗ ಅವಳು ಹಾರಿ ತಮ್ಮನ ಕೈ ಒತ್ತಿಹಿಡಿದು ಕೀಲಿ ಕಿತ್ತುಕೊಂಡಳು, ಎಲ್ಲರನ್ನೂ ದಡಕ್ಕೆ ಅಟ್ಟಿದಳು. ಮುಚ್ಚಳ ತೆಗೆದರೆ ಗುಂಡಿಯ ತಳದಲ್ಲಿ ಪೆಟ್ರೋಲ್ ಹೊಳೆಯುತ್ತಿತ್ತು. ಪೈಪಿನ ಒಂದು ಕ್ಲಿಪ್ ಸಡಿಲವಾಗಿತ್ತು.

ದಂತವೈದ್ಯರು ಇನ್ನೊಂದು ದಿನ ಬರುತ್ತೇನೆ ಎಂದು ಮೆಲ್ಲಗೆ ಹೇಳಿ, ಮಗುವನ್ನು ಎತ್ತಿಕೊಂಡು ಹೊರಟುಹೋದರು. ಅವರ ಕಾರು ಮರೆಯಾಗುವುದನ್ನೇ ಕಾಯುತ್ತಿದ್ದ ಅಪ್ಪ ಶುರುಮಾಡಿದ. ಆ ಕ್ಲಿಪ್ ಬಿಗಿ ಮಾಡಿದ್ದು ಯಾರು, ತಲೆ ಎಲ್ಲಿಟ್ಟಿದ್ದೆ, ಇಷ್ಟು ವರ್ಷ ಕಲಿತದ್ದು ಇದೇನಾ ಎಂದು ಬಾಯಿಗೆ ಬಂದದ್ದೆಲ್ಲ ಅಂದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕ್ಲಿಪ್ ನನ್ನ ತಪ್ಪು, ಒಪ್ಕೊಂಡೆ," ಅಂದಳು. "ಮೂಗು ಯಾರದು?"

ಅಪ್ಪ ನಲ್ಲಿಯ ಹತ್ತಿರ ಹೋಗಿ, ಕೊಳೆಯಾಗದ ಕೈಯನ್ನು ತೊಳೆಯುತ್ತ ನಿಂತ.

ಅಷ್ಟರಲ್ಲಿ ಆಚೆ ದಡಕ್ಕೆ ಜನ ಸಾಗಿಸುವ ದೋಣಿಯವನು ಬಂದ. ಅವನ ದೋಣಿಗೂ ಇವರೇ ಕೂರಿಸಿದ ಕಾರಿನ ಎಂಜಿನ್. ಬೆಳಿಗ್ಗೆ ಪೆಟ್ರೋಲ್ ಪೈಪ್ ಬದಲಿಸಿದ್ದಾನೆ, ಮೇಸ್ತ್ರಿ ಒಂದು ಸಲ ಬಂದು ಮೂಸಿಬಿಟ್ಟರೆ ಹೊರಡಬಹುದು, ಜನ ಆಗಲೇ ಕಟ್ಟೆಯ ಮೇಲೆ ಕಾಯುತ್ತಿದ್ದಾರೆ. ಅಪ್ಪ ಏನೂ ಆಗಿಲ್ಲವೆಂಬಂತೆ ಕೈ ಒರೆಸಿಕೊಂಡು ಹೊರಟೇಬಿಟ್ಟ. ಅವಳಿಗೆ ರಕ್ತ ಕುದಿಯಿತು. ಬಾಗಿಲಿಗೆ ಅಡ್ಡ ನಿಂತಳು.

"ದಾರಿ ಬಿಡು," ಅಂದ ಅಪ್ಪ.

"ಬಿಡಲ್ಲ. ನೀನು ಹೇಳ್ತೀಯೋ, ಇವನೆದುರಿಗೆ ನಾನು ಹೇಳಲೋ?"

ಅಪ್ಪ ಅವಳನ್ನು ತಳ್ಳಿಯೇ ಬಿಡುತ್ತಾನೆ ಎಂದು ತಮ್ಮನಿಗೆ ಅನ್ನಿಸಿತು. ತಳ್ಳಲಿಲ್ಲ. ದೋಣಿಯವನನ್ನು ಹೊರಗೆ ಕೂರಲು ಹೇಳಿ, ಲೇತಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ. ಜ್ವರ ಬಂದಾಗಿನಿಂದ ಏನೂ ಗೊತ್ತಾಗುತ್ತಿಲ್ಲ ಎಂದು ನೆಲ ನೋಡುತ್ತ ಹೇಳಿದ. ಪೆಟ್ರೋಲ್ ಇಲ್ಲ, ಸೋಪಿಲ್ಲ, ಹೂವಿಲ್ಲ. ಇವತ್ತು ಬಂದೀತು, ನಾಳೆ ಬಂದೀತು ಎಂದು ಕಾದನಂತೆ.

"ಮತ್ತೆ ಅಷ್ಟೂ ದೋಣಿಗೆ ಹೂಂ ಅಂದ್ಯಲ್ಲ?"

"ಗುಂಡಿಯೊಳಗೆ ಎಟುಕಿದಷ್ಟು ಕೈಯಾಡಿಸಿ ನೋಡ್ತಿದ್ದೆ, ಇವತ್ತು ತಳದವರೆಗೆ ಎಟುಕ್ಲಿಲ್ಲ. ಆಮೇಲೆ ಆ ಮುಚ್ಚಳದ ಮೇಲೆ ನಾನೇ ಕೂತ್ಕೋತಿದ್ದೆ. ಏನಾದ್ರೂ ಆದ್ರೆ ಮೊದ್ಲು ನಂಗೇ ಆಗ್ಲಿ ಅಂತ."

ಹೌದು, ಜ್ವರ ಬಿಟ್ಟ ಮೇಲೆ ಅಪ್ಪ ಒಂದು ಪರೀಕ್ಷೆಯ ಓಟವನ್ನೂ ಬಿಟ್ಟಿರಲಿಲ್ಲ, ಸೀಟು ಖಾಲಿಯಿದ್ದರೂ ಎಂಜಿನ್ನಿನ ಮೇಲೆಯೇ ಕೂರುತ್ತಿದ್ದ. ಕೂತು ಕೂತು ಬೆನ್ನು ಬಿಸಿ ಮಾಡಿಕೊಳ್ಳುತ್ತಾನೆ ಎಂದು ಅಕ್ಕ ತಮ್ಮ ನಕ್ಕಿದ್ದರು. ಅವಳು ಸ್ಟೂಲಿನ ಎದುರಿಗೆ ಹೋಗಿ ನಿಂತಳು.

"ನೀನು ಮೇಲೆ ಕೂತ್ರೆ ಬೆಂಕಿ ನಿನ್ನ ಮುಖ ನೋಡಿ ವಾಪಸ್ ಹೋಗುತ್ತಾ? ಪಕ್ಕದಲ್ಲಿ ತಮ್ಮ ಇರ್ತಿದ್ದ. ಇವತ್ತು ಆ ಮಗು ಇತ್ತು. ನಿನ್ನ ಮೂಗಿನ ಮರ್ಯಾದೆ ಅಷ್ಟು ದೊಡ್ಡದಾಯ್ತಾ ಅಪ್ಪ?"

ಅಪ್ಪ ಎದ್ದು ಬಾಗಿಲಿಗೆ ಹೋದ. "ನನ್ನ ಮೂಗು ಹೋಗಿದೆ. ಇನ್ನು ಇವಳನ್ನ ಕರಿ," ಎಂದು ದೋಣಿಯವನಿಗೆ ಹೇಳಿದ. ಅವನು ತಮಾಷೆ ಎಂದುಕೊಂಡು ನಕ್ಕ. ಅಪ್ಪ ಅದನ್ನೇ ಇನ್ನೊಂದು ಸಲ ಹೇಳಬೇಕಾಯಿತು. ಆ ಎರಡನೇ ಸಲ ಹೇಳುವಾಗಿನ ಅವನ ದನಿಯನ್ನು ಅವಳಿಂದ ಕೇಳಲಾಗಲಿಲ್ಲ.

ದಾರಿಯುದ್ದಕ್ಕೂ ಅವಳು ಬೈಯುತ್ತಲೇ ನಡೆದಳು. ಅಪ್ಪನನ್ನು, ಕ್ಲಿಪ್ಪನ್ನು, ಇಡೀ ಬಂದರನ್ನು, ಕಾಯುತ್ತ ನಿಂತ ತನ್ನನ್ನು. ಜೊತೆಗೆ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು, ಅದಕ್ಕೂ ಅವಳಿಗೆ ಸಿಟ್ಟು. ದೋಣಿಯವನು ಹೆದರಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ.

ಕಟ್ಟೆಯ ಮೇಲೆ ಚೀಲ, ಮಕ್ಕಳು, ಸೈಕಲ್ಲು ಹಿಡಿದು ಜನ ನಿಂತಿದ್ದರು. ಅವಳು ಮುಚ್ಚಳ ತೆಗೆದು, ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಗುಂಡಿಗೆ ತೂರಿಸಿ ಉಸಿರೆಳೆದಳು. ಅತ್ತೂ ಅತ್ತೂ ಮೂಗು ಕಟ್ಟಿಹೋಗಿತ್ತು. ಇನ್ನೊಮ್ಮೆ ಎಳೆದಳು. ಏನೂ ಇಲ್ಲ. ಮೇಲೆ ದೋಣಿಯವನು ಕೀಲಿ ಹಿಡಿದು ನಿಂತಿದ್ದ, ಜನ ಬಗ್ಗಿ ಇವಳನ್ನೇ ನೋಡುತ್ತಿದ್ದರು. ಹೂಂ ಅಂದುಬಿಡುವುದು ಎಷ್ಟು ಸುಲಭ ಎಂದು ಅವಳಿಗೆ ಆಗ ಗೊತ್ತಾಯಿತು.

ಎದ್ದು ಕೂತು, ದೋಣಿಯವನ ಕಡೆ ಕೈ ಚಾಚಿದಳು.

"ಕೀಲಿ ಕೊಡು. ಈಗ ನಂಗೂ ಏನೂ ಗೊತ್ತಾಗ್ತಿಲ್ಲ. ಗೊತ್ತಾಗೋವರೆಗೂ ದೋಣಿ ಹೊರಡಲ್ಲ."

ಜನ ಗೊಣಗತೊಡಗಿದರು. ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, ಯಾರೋ ಚಾಚಿದ ಕರವಸ್ತ್ರ ಕಸಿದುಕೊಂಡು ಗಟ್ಟಿಯಾಗಿ ಮೂಗು ಸೀಟಿಕೊಂಡಳು.