ಬೇಬಿ ಆಂಟಿಯ ಗರಾಜಿನ ಹಾಡುಗಳು

ಬೇಬಿ ಆಂಟಿ ಮೈಕು ಹಿಡಿದರೆಂದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಐದಡಿಯೂ ಇಲ್ಲದ ಆ ಹೆಂಗಸಿನ ಎದೆಯೊಳಗೆ ಅಷ್ಟು ದೊಡ್ಡ ದನಿ ಎಲ್ಲಿ ಅಡಗಿ ಕುಳಿತಿತ್ತೋ! ಎಪ್ಪತ್ತರ ಹತ್ತಿರ ಬಂದಿದ್ದ ಅವರನ್ನು ಅಮೆರಿಕದ ಯೂನಿಯನ್ ಸಿಟಿಯ ನಮ್ಮ ಬೀದಿಯವರೆಲ್ಲ ‘ಬೇಬಿ’ ಎಂದೇ ಕರೆಯುತ್ತಿದ್ದರು. ಚರ್ಚಿನಲ್ಲಿಟ್ಟ ಉದ್ದನೆಯ ಹೆಸರು ಬೇರೆ ಇತ್ತಂತೆ. “ಅದು ಪಾಸ್‌ಪೋರ್ಟಿಗೆ ಮಾತ್ರ. ನಮ್ಮ ಫಿಲಿಪೀನ್ಸಿನಲ್ಲಿ ಅಜ್ಜಿಯರೆಲ್ಲ ಬೇಬಿಗಳು, ತಾತಂದಿರೆಲ್ಲ ಬಾಯ್‌ಗಳು,” ಎಂದು ನಗುತ್ತಿದ್ದರು. ಅವರು ಮಾತಾಡುತ್ತಿದ್ದುದು ಇಂಗ್ಲಿಷ್. ಆದರೆ ನನ್ನ ನೆನಪಿನಲ್ಲಿ ಅವರ ಮಾತುಗಳೆಲ್ಲ ಅದು ಹೇಗೋ ಕನ್ನಡವಾಗಿಯೇ ಉಳಿದಿವೆ.

ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಶನಿವಾರ ಮಧ್ಯಾಹ್ನವಾಯಿತೆಂದರೆ ಕಾರನ್ನು ಹೊರಗೆ ತೆಗೆದು, ಗರಾಜಿನ ಬಾಗಿಲೆತ್ತಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ, ಟಿ.ವಿ.ಗೆ ಕರೋಕೆ ಮೆಷಿನ್ನು ಸಿಕ್ಕಿಸುತ್ತಿದ್ದರು. ನಾವು ಪಕ್ಕದ ಮನೆಗೆ ಬಂದ ಹೊಸತರಲ್ಲಿ, ಶಬ್ದ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳಲು ಹೋದೆ. ಬಾಯಿ ತೆರೆಯುವ ಮೊದಲೇ ಕೈಯಲ್ಲೊಂದು ತಟ್ಟೆ ಬಂತು. ಮುಗಿಸುವಷ್ಟರಲ್ಲಿ ಮೈಕು ಬಂತು. ನಾನು ಹೆದರಿಕೊಂಡೇ ಒಂದು ಇಂಗ್ಲಿಷ್ ಹಾಡಿನ ಹೆಸರು ಹೇಳಿದೆ. ಅವರು ತೋರುಬೆರಳು ಅಲ್ಲಾಡಿಸಿದರು.

“ಇಂಗ್ಲಿಷ್ ಹಾಡೆಲ್ಲ ಫ್ರೀವೇನಲ್ಲಿ ಹಾಡ್ಕೋ. ನನ್ನ ಗರಾಜಲ್ಲಿ ನಿನ್ನಜ್ಜಿಗೆ ಅರ್ಥ ಆಗೋ ಹಾಡೇ ಆಗ್ಬೇಕು.”

ನಮ್ಮಜ್ಜಿ ಹಾಡುತ್ತಿದ್ದ ಒಂದು ಸೋಬಾನೆ ಪದ ಹೇಗೋ ನೆನಪಾಯಿತು. ಎರಡು ಸಾಲು ಹಾಡಿದೆ. ಒಂದು ಅಕ್ಷರವೂ ತಿಳಿಯದ ಆ ಜನ ಮದುವೆ ಮನೆಯವರ ಹಾಗೆ ಚಪ್ಪಾಳೆ ತಟ್ಟಿದರು. ಶಬ್ದದ ವಿಷಯ ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಇಷ್ಟು ಗಟ್ಟಿ ದನಿಯ ಬೇಬಿ ಆಂಟಿ ಮೆತ್ತಗಾಗುತ್ತಿದ್ದುದು ಒಂದೇ ವಿಷಯಕ್ಕೆ. ಅವರ ಮೊಮ್ಮಗಳು ಟ್ರಿಶಾಗೆ ಆಗ ಹದಿಮೂರು. ಅಜ್ಜಿಯ ಮಾತು ಅರ್ಥವಾಗುತ್ತಿತ್ತು, ಆದರೆ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನ ಮಗಳು ಸಿರಿಯೂ ಅದೇ ಜಾತಿ. “ಊಟ ಆಯ್ತೇನೇ?” ಎಂದರೆ “ನಾಟ್ ಯೆಟ್!” ಎನ್ನುವವಳು. ಟ್ರಿಶಾಳದು ಬರೀ ಸೋಮಾರಿತನವಲ್ಲ ಎಂದು ಆಂಟಿ ಒಂದು ದಿನ ಹೇಳಿದರು. ಚಿಕ್ಕವಳಿದ್ದಾಗ ಮನಿಲಾಗೆ ಹೋಗಿದ್ದಳಂತೆ. ಅಲ್ಲಿ ಊಟಕ್ಕೆ ಕುಳಿತಾಗ ಅವಳಾಡಿದ ತಗಾಲೊಗ್ ಭಾಷೆಯ ಮಾತು ಕೇಳಿ ಅತ್ತೆ, ಮಾವ, ಕಸಿನ್‌ಗಳೆಲ್ಲ ಬಿದ್ದು ಬಿದ್ದು ನಕ್ಕರಂತೆ. “ಮುದ್ದಿಗೇ ನಕ್ಕಿದ್ದು. ಮಗುವಿಗೆ ಅದು ಗೊತ್ತಾಗುತ್ತಾ? ಅವತ್ತು ಮುಚ್ಚಿದ ಬಾಯಿ,” ಎಂದು ಆಂಟಿ ತಮ್ಮ ತುಟಿಗೆ ಜಿಪ್ ಎಳೆದಂತೆ ಮಾಡಿ ತೋರಿಸಿದರು.

ಆ ಜಿಪ್ಪನ್ನು ಬಿಚ್ಚಿದ್ದು ಅಜ್ಜಿಯಲ್ಲ, ಮನಿಲಾದ ಒಂದಿಷ್ಟು ಹುಡುಗರು. ಜರಿ ಕೋಟು, ಬಣ್ಣದ ಕೂದಲು, ಮೈಯಲ್ಲಿ ಮೂಳೆಯೇ ಇಲ್ಲವೇನೋ ಎನ್ನುವಂಥ ಕುಣಿತ. ಹಾಡುವುದು ಮಾತ್ರ ತಗಾಲೊಗ್‌ನಲ್ಲಿ. ಟ್ರಿಶಾಗೆ ಆ ತಂಡದ ಹುಚ್ಚು ಹಿಡಿಯಿತು. ಅವರ ಹಾಡು ಬಾಯಿಪಾಠವಾಯಿತು, ಅರ್ಥ ಮಾತ್ರ ಪೂರ್ತಿ ಆಗಲಿಲ್ಲ. ಅಜ್ಜಿಯನ್ನು ಕೇಳದೆ ಬೇರೆ ದಾರಿ ಇರಲಿಲ್ಲ.

ಮೊದಲ ಪ್ರಶ್ನೆ ಬಂದ ದಿನ ನಾನು ಅಲ್ಲೇ ಇದ್ದೆ. ಮದ್ದೂರಿನಿಂದ ಬಂದಿದ್ದ ನಮ್ಮಮ್ಮನೂ ಪಕ್ಕದಲ್ಲಿ ಅವರೆಕಾಳು ಹಿತುಕುತ್ತಾ ಕುಳಿತಿದ್ದಳು. ಟ್ರಿಶಾ ಕಿವಿಯಿಂದ ಇಯರ್‌ಫೋನು ತೆಗೆದು, “ಲೋಲಾ, ‘ಕಿಲಿಗ್’ ಅಂದ್ರೆ ಏನು?” ಎಂದಳು. ಲೋಲಾ ಎಂದರೆ ಅಜ್ಜಿ. ಬೇಬಿ ಆಂಟಿ ನಾಚಿಕೊಂಡರು. ನರ್ಸಿಂಗ್ ಓದುವಾಗ ಬಸ್ಸಿನಲ್ಲಿ ದಿನಾ ಎದುರು ಸೀಟಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ, ಒಂದು ದಿನ ಅವನು ಮೊದಲ ಸಲ ನೋಡಿ ನಕ್ಕಾಗ ಮೈಯಲ್ಲಿ ಹರಿದದ್ದೇ ಕಿಲಿಗ್ ಎಂದರು. ಟ್ರಿಶಾ ಕಣ್ಣರಳಿಸಿ, “ಅವರು ತಾತಾನಾ?” ಎಂದಳು. “ಮತ್ತಿನ್ಯಾರು!” ಎಂದು ಆಂಟಿ ಅವಳ ತಲೆಗೆ ಮೊಟಕಿದರು. ನಾನು ಅಮ್ಮನಿಗೆ ಅದನ್ನು ಕನ್ನಡದಲ್ಲಿ ಹೇಳಿದೆ. ಅವಳು ಅವರೆಕಾಳಿನಿಂದ ಕಣ್ಣೆತ್ತದೆ, “ಅಷ್ಟೇಯಾ? ಎದೇಲಿ ಕಚಗುಳಿ ಇಟ್ಟಂಗೆ ಆಯ್ತದಲ್ಲ, ಅದು. ನಮಗೇನು ಆಗಿಲ್ವಾ?” ಎಂದಳು.

ಅಲ್ಲಿಂದ ಪ್ರಶ್ನೆಗಳು ಸಾಲುಗಟ್ಟಿದವು. ಒಂದು ಪದ ಬಿಡಿಸಿದರೆ ಅದರ ಹಿಂದೊಂದು ಕತೆ. ಹಬ್ಬದ ಲಾಟೀನುಗಳು, ಚಂಡಮಾರುತ, ಹಿರಿಯರ ಕೈಯನ್ನು ತಮ್ಮ ಹಣೆಗೊತ್ತಿಕೊಂಡು ಮಾಡುವ ನಮಸ್ಕಾರ, ಎಲ್ಲವೂ ಹಾಡಿನ ಬೆನ್ನು ಹತ್ತಿ ಗರಾಜಿಗೆ ಬಂದವು. ಒಂದು ಶನಿವಾರ ಹಾಡಿನ ನಡುವೆ ಅಮ್ಮ ತಟ್ಟನೆ ನನ್ನ ಮೊಣಕೈ ಹಿಡಿದಳು.

“ಲೇ, ಆ ಮಗ ‘ಮುಖ’ ಅಂದ್ಳು ಕಣೇ!”

ಕೇಳಿದೆವು. ತಗಾಲೊಗ್‌ನಲ್ಲೂ ‘ಮುಖಾ’ ಎಂದರೆ ಮುಖವೇ! ‘ಆಸಾ’ ಎಂದರೆ ಭರವಸೆ, ‘ಗುರೋ’ ಎಂದರೆ ಮೇಷ್ಟರು. ಯಾವ ಕಾಲದಲ್ಲಿ ಯಾವ ಹಡಗು ಹತ್ತಿ ಹೋಗಿದ್ದವೋ ಆ ಪದಗಳು! ಬೇಬಿ ಆಂಟಿ ಎದ್ದು ಬಂದು ಅಮ್ಮನ ಎರಡೂ ಕೆನ್ನೆ ಹಿಡಿದು “ಮುಖಾ! ಮುಖಾ!” ಎಂದರು. ಅಮ್ಮನೂ ಅವರ ಕೆನ್ನೆ ಹಿಡಿದು “ಮುಖ! ಮುಖ!” ಎಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆವತ್ತಿನಿಂದ ಅವರಿಬ್ಬರಿಗೆ ನನ್ನ ದುಭಾಷಿತನ ಬೇಕಾಗಲಿಲ್ಲ.

ಆ ಬೇಸಿಗೆಯಲ್ಲಿ ಫಿಲಿಪಿನೋ ಅಂಗಡಿಗಳಿದ್ದ ಪ್ಲಾಜಾವೊಂದರಲ್ಲಿ ಮಕ್ಕಳ ಹಾಡು-ಕುಣಿತದ ಕಾರ್ಯಕ್ರಮವಿತ್ತು. ಟ್ರಿಶಾ ಮತ್ತು ಅವಳ ಗೆಳತಿಯರು ಹೆಸರು ಕೊಟ್ಟರು. ಬೇಬಿ ಆಂಟಿ ಜರಿ ಕೋಟುಗಳನ್ನು ತಾವೇ ಹೊಲಿದರು. ಪಾರ್ಕಿಂಗ್ ಲಾಟಿನಲ್ಲಿ ಸ್ಟೇಜು, ಸುತ್ತ ಮಾಂಸ ಸುಡುವ ಹೊಗೆ, ಕುರ್ಚಿಗಳ ತುಂಬ ಅಜ್ಜಿಯರು. ಹುಡುಗಿಯರು ಸ್ಟೇಜು ಹತ್ತಿದ ಕೂಡಲೇ ನಿರೂಪಕ ಟ್ರಿಶಾಳ ಮುಂದೆ ಮೈಕು ಹಿಡಿದು ತಗಾಲೊಗ್‌ನಲ್ಲಿ ಏನೋ ಕೇಳಿದ. ನಿನಗೆ ನಮ್ಮ ಭಾಷೆ ಕಲಿಸಿದ್ದು ಯಾರು ಎಂದು. ನನ್ನ ಪಕ್ಕದಲ್ಲಿದ್ದ ಆಂಟಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ಟ್ರಿಶಾ ಇಂಗ್ಲಿಷಿನಲ್ಲಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಉಸಿರೆಳೆದುಕೊಂಡು ತಗಾಲೊಗ್‌ನಲ್ಲೇ ಉತ್ತರ ಕೊಟ್ಟಳು. ‘ನನಗೆ ಅಜ್ಜಿ ಕಲಿಸಿದರು’ ಎನ್ನಬೇಕಿತ್ತು. ಒಂದು ಸಣ್ಣ ಪದ ಅತ್ತಿತ್ತಾಗಿ ‘ಅಜ್ಜಿಗೆ ನಾನು ಕಲಿಸಿದೆ’ ಎಂದಾಯಿತಂತೆ. ಇಡೀ ಪ್ಲಾಜಾ ಗೊಳ್ಳೆಂದಿತು. ಹುಡುಗಿಯ ಮುಖ ಸುಟ್ಟ ಬದನೆಕಾಯಿಯಂತಾಯಿತು. ತುಟಿ ಮುಚ್ಚಿಕೊಂಡಳು.

ನನ್ನ ಕೈ ಖಾಲಿಯಾಗಿತ್ತು. ಬೇಬಿ ಆಂಟಿ ಆಗಲೇ ಸ್ಟೇಜಿನ ಮೆಟ್ಟಿಲ ಮೇಲಿದ್ದರು. ನಿರೂಪಕನ ಕೈಯಿಂದ ಮೈಕು ಕಿತ್ತುಕೊಂಡು ಅವರು ಅವತ್ತು ಆಡಿದ ಮಾತಿನ ಅರ್ಥವನ್ನು ಪಕ್ಕದ ಕುರ್ಚಿಯ ಹೆಂಗಸು ಆಗಲೇ ನನಗೆ ಹೇಳಿದರು, ಆಮೇಲೆ ಆಂಟಿಯೂ ಹೇಳಿದರು.

“ನಗ್ತೀರಾ? ಮಗು ಹೇಳಿದ್ದು ಸರಿಯಾಗೇ ಇದೆ. ಈ ಹೊಸ ಹಾಡುಗಳನ್ನ ನನಗೆ ಕಲಿಸಿದ್ದು ಇವಳೇ. ನಾನು ಸೆಬು ದ್ವೀಪದವಳು. ನಮ್ಮಮ್ಮ ನನಗೆ ಕಲಿಸಿದ್ದು ಬಿಸಾಯಾ ಭಾಷೆ, ತಗಾಲೊಗ್ ಅಲ್ಲ. ಓದೋಕೆ ಮನಿಲಾಗೆ ಬಂದಾಗ ಹಾಸ್ಟೆಲಿನವರೆಲ್ಲ ನನ್ನ ಮಾತಿಗೆ ಹೀಗೇ ನಗ್ತಿದ್ರು. ಆಗ ರೇಡಿಯೋ ಮುಂದೆ ಕೂತು, ಹಾಡು ಕೇಳಿ ಕೇಳಿ ತಗಾಲೊಗ್ ಕಲಿತೆ. ಹಾಡೋವಾಗ ತಪ್ಪಿದ್ರೆ ಯಾರೂ ನಗಲ್ಲ, ಜೊತೆಗೆ ಹಾಡ್ತಾರೆ. ಈಗ ಹಾಡಿ!”

ಹಿಂದಿನ ಸಾಲಿನಲ್ಲಿ ಯಾರೋ ಮುದುಕರು ಎದ್ದು ನಿಂತು ಬಿಸಾಯಾದಲ್ಲಿ ಏನೋ ಕೂಗಿದರು. ಅವರೂ ಸೆಬುವಿನವರಂತೆ. ಅಲ್ಲೊಬ್ಬರು, ಇಲ್ಲೊಬ್ಬರು ತಮ್ಮ ತಮ್ಮ ದ್ವೀಪದ ಮಾತಿನಲ್ಲಿ ಕೂಗತೊಡಗಿದರು. ಅಷ್ಟರಲ್ಲಿ ಸಂಗೀತ ಶುರುವಾಯಿತು. ಟ್ರಿಶಾ ಅಜ್ಜಿಯನ್ನು ಕೆಳಗಿಳಿಯಲು ಬಿಡಲೇ ಇಲ್ಲ. ಜರಿ ಕೋಟಿನ ಹುಡುಗಿಯರ ನಡುವೆ ಹೂವಿನ ಬ್ಲೌಸಿನ ಬೇಬಿ ಆಂಟಿ ಎಲ್ಲ ಹೆಜ್ಜೆಗಳನ್ನೂ ಒಂದೊಂದು ತಾಳ ತಡವಾಗಿ ಹಾಕಿದರು. ಪಲ್ಲವಿಗೆ ಬರುವಷ್ಟರಲ್ಲಿ ಪಾರ್ಕಿಂಗ್ ಲಾಟು ಪೂರ್ತಿ ಹಾಡುತ್ತಿತ್ತು. ಅಮ್ಮನೂ ‘ಮುಖ’ ಬಂದಾಗಲೆಲ್ಲ ದನಿ ಸೇರಿಸಿದಳು. ಬಹುಮಾನ ಬೇರೆ ತಂಡಕ್ಕೆ ಹೋಯಿತು. ಯಾರಿಗೂ ಅದರ ನೆನಪಿರಲಿಲ್ಲ.

ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಸಿರಿ ಕೇಳಿದಳು: “ಅಮ್ಮಾ, ನಮ್ದೂ ಕೂಲ್ ಸಾಂಗ್ಸು ಇದೆಯಾ? ಕನ್ನಡದಲ್ಲಿ?” ಪ್ರಶ್ನೆಯ ಮುಕ್ಕಾಲು ಪಾಲು ಕನ್ನಡದಲ್ಲೇ ಇತ್ತು. ನಮ್ಮಮ್ಮ ನನಗಿಂತ ಮೊದಲೇ ಹಾಡಲು ಶುರುಮಾಡಿಬಿಟ್ಟಿದ್ದಳು.

ಹೋದ ವರ್ಷ ಬೇಬಿ ಆಂಟಿ ಸೆಬುಗೆ ಮರಳಿದರು. ಅಲ್ಲಿ ತಂಗಿ ಇದ್ದಳು, ಸಮುದ್ರ ಇತ್ತು. “ಇಲ್ಲಿ ಸಾಕಷ್ಟು ಚಳಿ ತಿಂದಿದ್ದೀನಿ,” ಎಂದರು. ಬೀಳ್ಕೊಡಲು ಏರ್‌ಪೋರ್ಟಿಗೆ ನಾನೂ ಹೋಗಿದ್ದೆ. ನೆಂಟರಿಷ್ಟರಿಗೆಂದು ತುಂಬಿಸಿದ ದೊಡ್ಡ ರಟ್ಟಿನ ಪೆಟ್ಟಿಗೆ ತೂಕದಲ್ಲಿ ತುಸು ಜಾಸ್ತಿ ಬಂತು. ಕೌಂಟರಿನಲ್ಲಿದ್ದ ಫಿಲಿಪಿನೋ ಹೆಂಗಸು ತಗಾಲೊಗ್‌ನಲ್ಲಿ ಆಂಟಿಗೆ ಏನೋ ಹೇಳಿದಳು. ಬೇಬಿ ಆಂಟಿ ಏನೂ ತಿಳಿಯದವರಂತೆ ಕಿವಿ ಮುಟ್ಟಿ ತೋರಿಸಿ ಸುಮ್ಮನೆ ನಿಂತರು. ಟ್ರಿಶಾ ಮುಂದೆ ಬಂದಳು. ಗಲ್ಲದ ಕೆಳಗೆ ಕೈಯಿಟ್ಟುಕೊಂಡು, ನಯವಾಗಿ, ಆಮೇಲೆ ಸ್ವಲ್ಪ ಮುನಿಸಿನಿಂದ, ಆಮೇಲೆ ನಗಿಸುತ್ತ, ಪೂರಾ ತಗಾಲೊಗ್‌ನಲ್ಲೇ ವಾದ ಮಾಡಿದಳು. ನಡುವೆ ಎಲ್ಲೋ ಎಡವಿದಳು ಎಂದು ಕಾಣುತ್ತದೆ. ಕೌಂಟರಿನವಳು ಸರಿಯಾದ ಪದ ಹೇಳಿಕೊಟ್ಟಳು. ಇವಳು ಅದನ್ನೆತ್ತಿಕೊಂಡು ಮುಂದೆ ಹೋದಳು. ಕೊನೆಗೆ ಆಕೆ ನಗುತ್ತ ಪೆಟ್ಟಿಗೆಗೆ ಚೀಟಿ ಅಂಟಿಸಿ, “ನೀನು ಹುಟ್ಟಿದ್ದು ಎಲ್ಲಿ, ಮಗು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಹೇವರ್ಡ್,” ಎಂದು ನಮ್ಮ ಪಕ್ಕದ ಊರಿನ ಹೆಸರು ಹೇಳಿದಳು ಟ್ರಿಶಾ.

“ಸುಳ್ಳು!” ಎಂದಳು ಆಕೆ.

ಬೇಬಿ ಆಂಟಿ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು. “ಪೆಟ್ಟಿಗೆ ತೂಕ ಜಾಸ್ತಿ ಅಂತ ನಂಗೆ ಮನೇಲೇ ಗೊತ್ತಿತ್ತು,” ಎಂದು ಪಿಸುಗುಟ್ಟಿದರು. ಮತ್ತೆ ಟ್ರಿಶಾಳನ್ನು ತಬ್ಬಿಕೊಂಡು, ನನ್ನನ್ನು ತಬ್ಬಿಕೊಂಡು, ಕೈಬೀಸುತ್ತ ಸೆಕ್ಯುರಿಟಿ ಸಾಲಿನೊಳಗೆ ಸೇರಿಹೋದರು. ಅವರು ಕಣ್ಮರೆಯಾದ ಮೇಲೂ ಬಹಳ ಹೊತ್ತು, ಆ ಗದ್ದಲವನ್ನೆಲ್ಲ ಮೀರಿ, ಅವರ ನಗು ಕೇಳಿಸುತ್ತಲೇ ಇತ್ತು.