ಹಸಿರು ರೇಷ್ಮೆಯ ಹುರಿ

ಒಮಾನ್ ದೇಶದ ನಿಜ್ವಾ ಎಂಬ ಊರಿನ ಆಸ್ಪತ್ರೆಯೊಂದರ ಕ್ಯಾಶುವಲ್ಟಿಯಲ್ಲಿ ನಾನು ನರ್ಸ್. ಒಂದು ಮಧ್ಯಾಹ್ನ ಕಿಮೋನೊ ಉಟ್ಟ ಜಪಾನಿ ಹೆಂಗಸೊಬ್ಬರನ್ನು ಸ್ಟ್ರೆಚರಿನಲ್ಲಿ ತಂದರು. ನನ್ನ ಅಮ್ಮನ ವಯಸ್ಸಿನವರು. ಯಾವುದೋ ಕಾರ್ಯಕ್ರಮದಲ್ಲಿ ತಮ್ಮ ನಾಡಿನ ಪದ್ಧತಿಯಂತೆ ಚಹಾ ಮಾಡಿ ತೋರಿಸಲು ಗಂಡನ ಜೊತೆ ಮಸ್ಕತ್‌ನಿಂದ ಬಂದಿದ್ದರಂತೆ. ವೇದಿಕೆಯಲ್ಲೇ ಉಸಿರು ಸಿಕ್ಕಿಕೊಂಡು ಕುಸಿದಿದ್ದರು.

ಇಸಿಜಿ ತೆಗೆಯಬೇಕು, ಅದಕ್ಕೆ ಎದೆಯ ಮೇಲಿನ ಬಟ್ಟೆ ಬಿಡಿಸಬೇಕು. ಆದರೆ ಎದೆಯ ಕೆಳಗಿಂದ ಸೊಂಟದವರೆಗೆ ಹಲಗೆಯಂತೆ ಬಿಗಿದ ಅಗಲ ಪಟ್ಟಿ. ಅದರ ಮೇಲೊಂದು ಹಸಿರು ರೇಷ್ಮೆಯ ಹೆಣೆದ ಹುರಿ, ಹುರಿಯ ನಡುವೆ ಬೆಳ್ಳಿಯ ಪುಟ್ಟ ಹೂ. ಗಂಟು ಹೂವಿನ ಕೆಳಗಿರಬಹುದೆಂದು ತಡಕಾಡಿದೆ. ಇರಲಿಲ್ಲ. ಅದು ಬೆನ್ನ ಹಿಂದೆ, ದಿಂಬಿನಂಥ ಮಡಿಕೆಯೊಳಗೆ ಸೇರಿಕೊಂಡಿತ್ತು. ಅವರನ್ನು ಮಗುಚುವ ಹಾಗೂ ಇರಲಿಲ್ಲ, ತುಟಿ ಆಗಲೇ ನೀಲಿ.

"ಇದನ್ನು ಬಿಚ್ಚುವುದು ಹೇಗೆ ಸರ್?" ಎಂದು ಇಂಗ್ಲಿಷಿನಲ್ಲಿ ಗಂಡನನ್ನು ಕೇಳಿದೆ.

"ನನಗೆ ಗೊತ್ತಿಲ್ಲ. ಯಾವಾಗಲೂ ಅವಳೇ ಕಟ್ಟಿಕೊಳ್ಳುತ್ತಾಳೆ, ಅವಳೇ ಬಿಚ್ಚುತ್ತಾಳೆ."

"ಯಲ್ಲಾ, ಬೇಗ ಬೇಗ ಸಿಸ್ಟರ್, ಕತ್ತರಿ ತಗೊಳ್ಳಿ!" ಡಾಕ್ಟರು ಕೂಗಿದರು.

ಕತ್ತರಿ ಕಂಡದ್ದೇ ಆಕೆ ಹುರಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಅದು ಅವಳ ಅಮ್ಮನದು," ಎಂದರು ಗಂಡ, ಎಂದವರೇ ಹೆಂಡತಿಯ ಬೆರಳುಗಳನ್ನು ತಾವೇ ಬಿಡಿಸತೊಡಗಿದರು. "ಬಿಡಿ ಅಮ್ಮಾ, ಬಿಡಿ," ಎಂದು ನಾನು ಕನ್ನಡದಲ್ಲೇ ಗೋಗರೆಯುತ್ತಿದ್ದೆ.

ಕತ್ತರಿಸಿದೆ. ಪಟ್ಟಿ ಸಡಿಲಾಯಿತು ಎನ್ನುವಾಗ ಒಳಗೆ ಇನ್ನೊಂದು ದಾರ. ಅದರಡಿ ಮತ್ತೊಂದು. ಎಷ್ಟು ಕತ್ತರಿಸಿದರೂ ಎದೆ ಸಿಗುತ್ತಿಲ್ಲ, ಆಕೆಯ ಉಸಿರು ಮಾತ್ರ ಗೊರಗೊರ ಎನ್ನುತ್ತಲೇ ಇದೆ. ಕೊನೆಗೆ ಬಟ್ಟೆಯನ್ನೇ ಸೀಳಿದೆವು.

ಆಕ್ಸಿಜನ್, ಇಂಜೆಕ್ಷನ್. ಸಂಜೆಯ ಹೊತ್ತಿಗೆ ತುಟಿಗೆ ಬಣ್ಣ ಬಂತು.

ಮರುದಿನ ಹುರಿಯ ಎರಡು ತುಂಡುಗಳನ್ನೂ ಬೆಳ್ಳಿ ಹೂವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ವಾರ್ಡಿಗೆ ಒಯ್ದೆ. ಆಕೆ ತುಂಡುಗಳನ್ನು ತೊಡೆಯ ಮೇಲಿಟ್ಟು, ಕತ್ತರಿಸಿದ ತುದಿಗೆ ತುದಿ ತಾಗಿಸಿ ನೋಡಿದರು. ಎಳೆಗಳು ಬಿಟ್ಟುಕೊಂಡು ಗಡ್ಡದ ಹಾಗೆ ಕೆದರಿದ್ದವು. ಸವರಿ ಸವರಿ ಕೂಡಿಸಲು ಹೋದರು. ಸವರಿದಷ್ಟೂ ಬಿಚ್ಚುತ್ತಿತ್ತು.

"ಹೊಲಿಸಬಹುದೇನೋ," ಎಂದೆ.

ಆಕೆ ಮಾಸ್ಕ್ ಸರಿಸಿ, ಕೂತಲ್ಲಿಂದಲೇ ತಲೆ ಬಾಗಿಸಿ, "ಸಾರಿ, ಸಿಸ್ಟರ್. ನಿಮಗೆ ತುಂಬಾ ತೊಂದರೆ ಕೊಟ್ಟೆ," ಎಂದರು. ನಾನು ಅವರ ಹೊದಿಕೆ ಸರಿಮಾಡಿದೆ.

ಮಧ್ಯಾಹ್ನ ಆಂಬುಲೆನ್ಸಿನಲ್ಲಿ ಮಸ್ಕತ್‌ಗೆ ಕಳಿಸಿದರು. ಅಲ್ಲಿ ಗುಣವಾಗಿ ಊರಿಗೆ ಹೋದರೆಂದು ಆಮೇಲೆ ಡಾಕ್ಟರು ಹೇಳಿದರು.